ಚೆಕ್ಕಿನ ಮೇಲಿನ ಸಹಿ: ರೈತ ಸಂಸ್ಥೆಗಳ ಹೊಣೆ, ಬ್ಯಾಂಕಿನ ಹೊಣೆ

ಮುಂಗಾರಿಗೆ ಮುನ್ನ ರೈತ ಉತ್ಪಾದಕ ಸಂಸ್ಥೆಗಳಲ್ಲಿ ಬೀಜ, ಗೊಬ್ಬರಗಳ ಖರೀದಿ ಬಿರುಸಾಗಿರುತ್ತದೆ. ನಿರ್ದೇಶಕರು ಹೊಲದ ಕೆಲಸದಲ್ಲಿರುವುದರಿಂದ ಐದಾರು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಲೆಕ್ಕಿಗರ ಕೈಗೆ ಒಪ್ಪಿಸುವುದನ್ನು ಅನೇಕ ಕಡೆ ಕಂಡಿದ್ದೇನೆ. ಹಣ ದುರುಪಯೋಗವಾದಾಗ ‘ಬ್ಯಾಂಕಿನವರು ಪರಿಶೀಲಿಸಬೇಕಿತ್ತು’ ಎಂಬ ದೂರು ಬರುತ್ತದೆ. ಬ್ಯಾಂಕು ಏನನ್ನು ಪರಿಶೀಲಿಸಲು ಬದ್ಧವಾಗಿದೆ ಎಂಬುದನ್ನು ಅರಿಯಲು ನಮ್ಮ ರಾಜ್ಯದ್ದೇ ಆದ ಪ್ರಕರಣವೊಂದು ನೆರವಾಗುತ್ತದೆ.

ಮಂಗಳೂರಿನ ಕೆನರಾ ಸೇಲ್ಸ್ ಕಾರ್ಪೊರೇಷನ್ ಕಂಪನಿಯ ಖಾತೆ ಕೆನರಾ ಬ್ಯಾಂಕಿನಲ್ಲಿತ್ತು. ವ್ಯವಸ್ಥಾಪಕ ನಿರ್ದೇಶಕರ ಸಹಿಯನ್ನು ನಕಲು ಮಾಡಿದ್ದ 42 ಚೆಕ್ಕುಗಳ ಮೂಲಕ 3 ಲಕ್ಷ 26 ಸಾವಿರ ರೂಪಾಯಿಗೂ ಮಿಕ್ಕಿದ ಹಣ ಹೊರಹೋಯಿತು. ಕಂಪನಿಯು ವರ್ಷಗಟ್ಟಲೆ ಲೆಕ್ಕ ತಾಳೆ ನೋಡದೆ ಸುಮ್ಮನಿತ್ತು, ಆದ್ದರಿಂದ ನಷ್ಟ ಅದರದೇ ಎಂಬುದು ಬ್ಯಾಂಕಿನ ವಾದ. ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಇದನ್ನು ಒಪ್ಪಲಿಲ್ಲ. ನಕಲಿ ಸಹಿಯ ಚೆಕ್ಕು ಗ್ರಾಹಕನ ಆದೇಶವೇ ಅಲ್ಲ. ವಂಚನೆಯು ಗ್ರಾಹಕನಿಗೆ ತಿಳಿದಿತ್ತೆಂದು ಸಾಬೀತಾಗದ ಹೊರತು ಬ್ಯಾಂಕಿನ ಹೊಣೆ ತಪ್ಪದು ಎಂದು ತೀರ್ಪಿತ್ತಿತು.

ಆದರೆ ಈ ರಕ್ಷಣೆ, ತಾವೇ ಸಹಿ ಮಾಡಿದ ಖಾಲಿ ಚೆಕ್ಕಿಗೆ ದೊರೆಯುವುದಿಲ್ಲ. ಅಲ್ಲಿ ಸಹಿ ನಿಜವಾದುದು. ಬ್ಯಾಂಕು ಸಹಿ, ದಿನಾಂಕ, ಮೊತ್ತ, ತಿದ್ದುಪಡಿಗಳನ್ನು ನೋಡುತ್ತದೆಯೇ ಹೊರತು ಮೊತ್ತವನ್ನು ಯಾರು ಬರೆದರು, ಯೂರಿಯಾ ನಿಜಕ್ಕೂ ಗೋದಾಮಿಗೆ ಬಂದಿತೇ ಎಂದು ವಿಚಾರಿಸುವುದಿಲ್ಲ. ಬಾಕಿಗಾಗಿ ಗೊಬ್ಬರದ ಅಂಗಡಿಗೆ ಕೊಟ್ಟ ಖಾಲಿ ಚೆಕ್ಕೂ ಹೀಗೆಯೇ. ಸ್ವಇಚ್ಛೆಯಿಂದ ಕೊಟ್ಟ ಸಹಿಯುಳ್ಳ ಚೆಕ್ಕನ್ನು ಪಡೆದವರು ಭರ್ತಿ ಮಾಡಿದರೂ, ಸಾಲವಿರಲಿಲ್ಲವೆಂದು ತೋರಿಸುವ ಭಾರ ಸಹಿ ಮಾಡಿದವರದೇ ಎಂದು 2019ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಜಂಟಿ ಸಹಿಯ ನಿಯಮವಿದ್ದೂ ಒಬ್ಬರು ಮೊದಲೇ ಎಲ್ಲ ಹಾಳೆಗಳಿಗೆ ಸಹಿ ಮಾಡಿಟ್ಟರೆ ಆ ನಿಯಮಕ್ಕೆ ಅರ್ಥವೇ ಉಳಿಯದು. ಬಿಲ್ಲು ಮತ್ತು ಸರಕಿನ ರಸೀದಿಯನ್ನು ಕಣ್ಣಾರೆ ನೋಡಿದ ಮೇಲೆಯೇ, ಮೊತ್ತ ಬರೆದ ಚೆಕ್ಕಿಗೆ ಇಬ್ಬರೂ ಸಹಿ ಮಾಡತಕ್ಕದ್ದು. ನಿರ್ದೇಶಕರು ಬದಲಾದಲ್ಲಿ ನಿರ್ಣಯದ ಪ್ರತಿಯನ್ನು ತಡಮಾಡದೆ ಬ್ಯಾಂಕಿಗೆ ಸಲ್ಲಿಸಬೇಕು.

ಮೊಬೈಲ್ ಪಾವತಿಯಲ್ಲಿ ಪಿನ್ ಮತ್ತು ಒಟಿಪಿಗಳೇ ಸಹಿಯ ಸ್ಥಾನದಲ್ಲಿವೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಂತೆ, ಇವುಗಳನ್ನು ತಾವೇ ಹೇಳಿಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಖಾತೆದಾರರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಇಂಥದೇ ಸುತ್ತೋಲೆ ಹೊರಟಿತು. ಹೀಗಾಗಿ ದೂರು ನೀಡಿದ ಗಳಿಗೆಯೇ ಮುಖ್ಯವಾಗುತ್ತದೆ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರದೆ, ದಿನಾಂಕ ಮತ್ತು ಸಮಯ ನಮೂದಿಸಿದ ಸ್ವೀಕೃತಿಯನ್ನು ಪಡೆಯಿರಿ. 1930 ಸಹಾಯವಾಣಿಗೂ ಕೂಡಲೇ ಕರೆ ಮಾಡಿರಿ.