ಕಾಂತದ ಚಿಕಿತ್ಸೆ, ಮರೆವಿನ ಭಯ

ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ. ಪೇಪರಿನ ಒಂದೇ ಸುದ್ದಿಯನ್ನು ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ನಿನ್ನೆ ಬಂದಿದ್ದ ನೆಂಟರು ಏನು ಹೇಳಿ ಹೋದರೆಂದು ಕೇಳಿದರೆ ಉತ್ತರವಿಲ್ಲ. ಖಿನ್ನತೆಗೆ ಸಿಕ್ಕಿದವರ ಮನೆಗಳಲ್ಲಿ ಇದು ದಿನನಿತ್ಯದ ಪಾಡು. ಮನೆಯವರು ಇದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕುವುದಿಲ್ಲ. ‘ಮನಸ್ಸಿಟ್ಟು ಕೇಳಿಸಿಕೊಳ್ಳೋದೇ ಇಲ್ಲ’ ಎಂದು ಗದರುತ್ತಾರೆ. ಮುಂದೆ ಮಾತ್ರೆಗಳು ನಾಟದೆ, ವೈದ್ಯರು ‘ಟಿಎಂಎಸ್ ಅಂತ ಒಂದು ಚಿಕಿತ್ಸೆ ಇದೆ, ಕಾಂತದಿಂದ ಮಿದುಳನ್ನು ಪ್ರಚೋದಿಸುತ್ತೇವೆ’ ಎಂದಾಗ ಅದೇ ಮನೆಯವರ ಮೊದಲ ಪ್ರಶ್ನೆ ಇದು: ‘ನೆನಪಿನ ಶಕ್ತಿ ಹೋಗಿಬಿಡಲ್ವಾ, ಡಾಕ್ಟ್ರೇ?’

ಈ ಭಯದ ಮೂಲ ಬೇರೊಂದು ಚಿಕಿತ್ಸೆಯಲ್ಲಿದೆ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಮೊದಲು ಪ್ರಯೋಗಿಸಿದ ಇಸಿಟಿ, ಅಂದರೆ ಜನ ‘ಕರೆಂಟ್ ಕೊಡೋದು’ ಎನ್ನುವ ಚಿಕಿತ್ಸೆ, ಮಿದುಳಿನಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತದೆ. ಸಿನಿಮಾಗಳು ಅದನ್ನು ಹಿಂಸೆಯ ದೃಶ್ಯವಾಗಿಸಿ ನಮ್ಮ ತಲೆಯಲ್ಲಿ ಕೂರಿಸಿವೆ. ಇಂದಿನ ಇಸಿಟಿ ಹಾಗಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಅದನ್ನು ಮಾಡುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅನ್ನನೀರು ಬಿಟ್ಟು, ಸಾವನ್ನೇ ಧ್ಯಾನಿಸುತ್ತ ಮಲಗಿದವರನ್ನು ಎಬ್ಬಿಸಿ ಕೂರಿಸುವ ಶಕ್ತಿ ಅದಕ್ಕಿದೆ. ಆದರೆ ನೆನಪಿನ ವಿಷಯದಲ್ಲಿ ಜನರ ಅಂಜಿಕೆ ಪೂರ್ತಿ ಸುಳ್ಳಲ್ಲ. ಚಿಕಿತ್ಸೆ ನಡೆದ ವಾರಗಳ, ಕೆಲವರಿಗೆ ಅದಕ್ಕೂ ಹಿಂದಿನ ತಿಂಗಳುಗಳ ನೆನಪು ಮಸುಕಾಗುತ್ತದೆ. ಹೊಸದನ್ನು ನೆನಪಿಡುವ ಶಕ್ತಿ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮರಳುತ್ತದೆ, ಅಳಿಸಿಹೋದ ಕೆಲವು ಘಟನೆಗಳು ಮರಳದಿರಬಹುದು. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಬೇಕು.

ಟಿಎಂಎಸ್ ಬೇರೆಯದೇ ದಾರಿ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಆ ತತ್ವವನ್ನು ಹಿಡಿದು, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ತಂತಿಯ ಸುರುಳಿಯೊಂದನ್ನು ನೆತ್ತಿಯ ಮೇಲೆ ಹಿಡಿದರು. ಎಚ್ಚರವಾಗಿಯೇ ಕೂತಿದ್ದ ಮನುಷ್ಯನ ಕೈ ತಾನಾಗಿ ಮಿಡುಕಿತು. ಚರ್ಮ ಕುಯ್ಯದೆ, ಮೂಳೆ ಕೊರೆಯದೆ ಮಿದುಳಿನ ನರಕೋಶಗಳನ್ನು ತಟ್ಟಿ ಎಬ್ಬಿಸಿದ ಕ್ಷಣ ಅದು. ಸುರುಳಿಯ ಕಾಂತಕ್ಷೇತ್ರ ಎಂಆರ್‌ಐ ಯಂತ್ರದ್ದಷ್ಟೇ ಬಲವಾದದ್ದು, ಸುಮಾರು 1.5ರಿಂದ 2 ಟೆಸ್ಲಾ. ಆದರೆ ಪ್ರತಿ ತಟ್ಟೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನದು. ಸಾಮಾನ್ಯ ಸುರುಳಿಯಿಂದ ಅದು ಒಳಗಿಳಿಯುವುದು ಎರಡು ಮೂರು ಸೆಂಟಿಮೀಟರ್ ಮಾತ್ರ.

ಖಿನ್ನತೆಗೆ ಹೆಚ್ಚಾಗಿ ತಟ್ಟುವುದು ಹಣೆಯ ಎಡಬದಿಯ ಹಿಂದಿರುವ ಭಾಗವನ್ನು. ರೋಗಿ ಕುರ್ಚಿಯಲ್ಲಿ ಎಚ್ಚರವಾಗಿಯೇ ಒರಗಿರುತ್ತಾರೆ. ಟಕಟಕ ಸದ್ದು ಜೋರಾದ್ದರಿಂದ ಕಿವಿಗೆ ಮುಚ್ಚಳ. ಕೆಲವರಿಗೆ ನೆತ್ತಿ ನೋಯುತ್ತದೆ, ತಲೆನೋವು ಬರುತ್ತದೆ. ಇಲ್ಲಿ ಫಿಟ್ಸ್ ಬರಿಸುವುದು ಉದ್ದೇಶವೇ ಅಲ್ಲ. ಆಕಸ್ಮಿಕವಾಗಿ ಬರುವ ಸಾಧ್ಯತೆ ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ತಲೆಯೊಳಗೆ ಲೋಹದ ತುಣುಕು ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಈ ಚಿಕಿತ್ಸೆ ಸಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಖಿನ್ನತೆಗೆ ಇದನ್ನು ಒಪ್ಪಿತು.

ಇನ್ನು ಮನೆಯವರ ಪ್ರಶ್ನೆ. ಟಿಎಂಎಸ್‌ನ ಪ್ರಯೋಗಗಳಲ್ಲಿ ಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ರೋಗಿಗಳ ಜ್ಞಾಪಕಶಕ್ತಿಯನ್ನು ಅಳೆದು ನೋಡಿದ್ದಾರೆ. ಇಸಿಟಿಯಲ್ಲಿ ಕಾಣುವಂಥ ನೆನಪಿನ ನಷ್ಟ ಇದರಲ್ಲಿ ಕಂಡುಬಂದಿಲ್ಲ. ಕೆಲವು ಪರೀಕ್ಷೆಗಳಲ್ಲಿ ಅಂಕ ತುಸು ಏರಿದ್ದೂ ಇದೆ. ಆ ಏರಿಕೆಯನ್ನು ನೋಡಿ ಹಿಗ್ಗುವ ಮುನ್ನ ಎರಡು ವಿಷಯ ಗಮನಿಸಬೇಕು: ಒಂದೇ ಪರೀಕ್ಷೆಯನ್ನು ಎರಡನೇ ಸಲ ಬರೆದರೆ ಯಾರಿಗಾದರೂ ಕೈ ಪಳಗಿರುತ್ತದೆ, ಖಿನ್ನತೆ ಇಳಿದರೆ ಗಮನ ತಾನಾಗಿ ನಿಲ್ಲುತ್ತದೆ.

ಕಾಯಿಲೆ ನೆನಪನ್ನು ಹೇಗೆ ಹಾಳುಮಾಡುತ್ತದೆಂಬುದು ಇದಕ್ಕಿಂತ ಆಳವಾದ ಕಥೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಮಾರ್ಕ್ ವಿಲಿಯಮ್ಸ್ ಮತ್ತು ಸಹೋದ್ಯೋಗಿ, ಆತ್ಮಹತ್ಯೆಗೆ ಯತ್ನಿಸಿ ಉಳಿದವರ ನೆನಪುಗಳನ್ನು ಕೆದಕಿ ನೋಡಿ, ಕಂಡದ್ದನ್ನು 1986ರಲ್ಲಿ ಪ್ರಕಟಿಸಿದರು. ‘ಸಂತೋಷ’ದಂಥ ಒಂದು ಪದ ಕೊಟ್ಟು, ಅದು ನೆನಪಿಸುವ ಒಂದು ದಿನವನ್ನು ಹೇಳಿ ಎಂದರೆ ಅವರಿಗೆ ಎಷ್ಟೋ ಸಲ ಆ ದಿನ ಸಿಗುತ್ತಿರಲಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಅಜ್ಜಿಮನೆಗೆ ಹೋದಾಗೆಲ್ಲ ಚೆನ್ನಾಗಿತ್ತು’ ಎನ್ನುವಷ್ಟು ಬರುತ್ತದೆ. ಯಾವ ರಜೆ, ಯಾವ ಹಲಸಿನ ಮರ, ಬಿದ್ದು ನಕ್ಕವರು ಯಾರು ಎಂಬುದು ಬರುವುದಿಲ್ಲ. ಬದುಕಿದ್ದೇನೆಂಬುದಕ್ಕೆ ಸಾಕ್ಷಿಯಾಗುವ ದಿನಗಳೇ ಕೈಗೆ ಸಿಗದಿದ್ದರೆ, ನಾಳೆ ಒಳ್ಳೆಯದಾದೀತೆಂದು ನಂಬುವುದು ಹೇಗೆ? ದೀರ್ಘಕಾಲದ ಖಿನ್ನತೆಯಲ್ಲಿ ಹಿಪೊಕ್ಯಾಂಪಸ್ ಎಂಬ ನೆನಪಿನ ಕೇಂದ್ರ ಕುಗ್ಗಿರುವುದನ್ನೂ ಸ್ಕ್ಯಾನ್‌ಗಳು ತೋರಿಸಿವೆ. ಚಿಕಿತ್ಸೆಗೆ ಹೆದರಿ ಕಾಯಿಲೆಯನ್ನು ಹಾಗೇ ಬಿಟ್ಟರೆ ನೆನಪು ಉಳಿಯುವುದಿಲ್ಲ.

ಇನ್ನೊಂದು ಸೋಜಿಗವಿದೆ. ನೆನಪು ಕೂರುವಾಗ ನರಕೋಶಗಳ ಕೊಂಡಿ ಬಿಗಿಯಾಗುವ ಬಗೆಯನ್ನು ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು 1973ರಲ್ಲಿ ಮೊಲದ ಹಿಪೊಕ್ಯಾಂಪಸ್‌ನಲ್ಲಿ ಕಂಡಿದ್ದರು. ಮುಂದೆ ಆ ಭಾಗದ ಸಹಜ ಲಯವಾದ ಥೀಟಾವನ್ನು ಅನುಸರಿಸಿ ತಟ್ಟುವ ಟಿಎಂಎಸ್ ಬಂತು: ಮೂರು ಮೂರು ತಟ್ಟುಗಳ ಗೊಂಚಲು, ಸೆಕೆಂಡಿಗೆ ಐದು ಸಲ. 2018ರಲ್ಲಿ ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸಲಕ್ಕೆ ಮೂರು ನಿಮಿಷದ ಈ ಚಿಕಿತ್ಸೆ ಹಳೆಯ 37 ನಿಮಿಷದ್ದಕ್ಕೆ ಕಡಿಮೆಯಿಲ್ಲವೆಂದು ಸಾಬೀತಾಯಿತು. ಎರಡರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಿಗೆ ಲಕ್ಷಣಗಳು ಅರ್ಧಕ್ಕಿಳಿದವು. ಉಳಿದರ್ಧ ಮಂದಿಗೆ ಅಷ್ಟು ಗುಣ ಸಿಗಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ 16 ಆರೋಗ್ಯವಂತರಿಗೆ ಹಿಪೊಕ್ಯಾಂಪಸ್ ಜೊತೆ ನಂಟಿರುವ ಬೇರೊಂದು ಜಾಗವನ್ನು ತಟ್ಟಿದಾಗ, ಮುಖ ಮತ್ತು ಪದಗಳನ್ನು ಜೋಡಿಸಿ ನೆನಪಿಡುವುದು ಸುಧಾರಿಸಿತು. ಅದು ಸಂಶೋಧನೆ. ಪರೀಕ್ಷೆಗೆ ಓದುವ ಮಕ್ಕಳ ನೆನಪು ಹೆಚ್ಚಿಸುತ್ತೇವೆಂದು ಯಾರಾದರೂ ಈ ಯಂತ್ರ ತೋರಿಸಿದರೆ ಎದ್ದು ಬನ್ನಿ.

ಚಿಕಿತ್ಸೆಯ ನಡುವೆ ರೋಗಿ ‘ಮರೆವು ಜಾಸ್ತಿಯಾಗಿದೆ’ ಎಂದರೆ ಅದನ್ನು ತಳ್ಳಿಹಾಕಬಾರದು. ನಿದ್ದೆಗೇಡಿರಬಹುದು, ಜೊತೆಗಿನ ಮಾತ್ರೆಯಿರಬಹುದು, ಕಾಯಿಲೆ ಇನ್ನೂ ಇಳಿಯದಿರಬಹುದು. ಮೊದಲೇ ಅಳೆದಿಟ್ಟಿದ್ದರೆ ಮಾತ್ರ ಹೋಲಿಸಲು ಬರುತ್ತದೆ. ಹಾಗಾಗಿ ಶುರುವಾಗುವ ಮುಂಚೆಯೇ ಜ್ಞಾಪಕಶಕ್ತಿಯ ಪರೀಕ್ಷೆ ಮಾಡಿಸಿಕೊಡಿ ಎಂದು ವೈದ್ಯರನ್ನು ಕೇಳಿ.

ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು. ನಿಮ್ಮ ಮನೆಯಲ್ಲಿ ಹಾಲು ಉಕ್ಕಿಸುತ್ತ, ಮಾತು ಮರೆಯುತ್ತ ಕೂತವರಿದ್ದರೆ ಗದರಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.