ಸೂಳೆಕೆರೆ ಏರಿಯ ಮೇಲೊಂದು ಪರಿಸರ ಪಾಠ

'ಪರಿಸರ ವ್ಯವಸ್ಥೆ ಎಂದರೇನು?' ಪರೀಕ್ಷೆಯಲ್ಲಿ ಎರಡು ಅಂಕದ ಈ ಪ್ರಶ್ನೆಗೆ ಮಕ್ಕಳು ಎರಡು ಸಾಲು ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ. ಅದೇ ಪ್ರಶ್ನೆಗೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಸುಮಾರು 6,550 ಎಕರೆ ವಿಸ್ತಾರದ ಉತ್ತರವೊಂದು ಶತಮಾನಗಳಿಂದ ಹರಡಿಕೊಂಡಿದೆ. ಅದೇ ಸೂಳೆಕೆರೆ ಅಥವಾ ಶಾಂತಿಸಾಗರ.

ಶಾಂತವ್ವೆ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದು ಐತಿಹ್ಯ. ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂದು ಕೇಳಿದರಂತೆ. ಕಥೆ ಹೇಗೇ ಇರಲಿ, ಕಟ್ಟಿದವರ ಜಾಣ್ಮೆ ಮಾತ್ರ ಕಣ್ಣೆದುರಿಗಿದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳುತ್ತಿದ್ದ ಹರಿದ್ರಾ ಹಳ್ಳಕ್ಕೆ ಸುಮಾರು 950 ಅಡಿ ಉದ್ದದ ಏರಿ ಹಾಕಿದರು, ಅಷ್ಟೇ. ಅಷ್ಟು ಚಿಕ್ಕ ಏರಿಯ ಹಿಂದೆ ಇಷ್ಟು ದೊಡ್ಡ ಕೆರೆ ನಿಂತಿತು. ಸಿದ್ಧ ಮತ್ತು ಬಸವ ಎಂಬ ಎರಡು ತೂಬುಗಳಿಂದ ನೀರು ಗದ್ದೆಗಳಿಗೆ ಹರಿಯಿತು.

ನೀರಿನ ಮನೆ ದೊಡ್ಡದು

ಕೆರೆ ಎಂದರೆ ಕಣ್ಣಿಗೆ ಕಾಣುವ ನೀರಷ್ಟೇ ಅಲ್ಲ. ಮಳೆನೀರು ಎಲ್ಲೆಲ್ಲಿಂದ ಹರಿದು ಬರುತ್ತದೋ ಆ ನೆಲವೆಲ್ಲ ಅದರ ಜಲಾನಯನ ಪ್ರದೇಶ. ಸೂಳೆಕೆರೆಗೆ ಅದು ಸುಮಾರು 330 ಚದರ ಕಿಲೋಮೀಟರ್. ಅಂದರೆ ಕೆರೆಯ ಹನ್ನೆರಡು ಪಟ್ಟು! ಎಲ್ಲೋ ದೂರದ ಗುಡ್ಡದಲ್ಲಿ ಮರ ಕಡಿದರೆ, ಸಡಿಲವಾದ ಮಣ್ಣು ಮಳೆಯೊಡನೆ ಇಲ್ಲಿಗೆ ಬಂದು ಕೂರುತ್ತದೆ. ಕೆರೆಯ ತಳದಲ್ಲಿ ಬರೀ ಒಂದು ಮಿಲಿಮೀಟರ್ ಹೂಳು ಸಮನಾಗಿ ಹರಡಿತೆನ್ನಿ. 26 ಸಾವಿರ ಘನ ಮೀಟರಿಗೂ ಹೆಚ್ಚು ನೀರಿನ ಜಾಗ ಮಾಯ. ಲೀಟರಿನಲ್ಲಿ ಹೇಳುವುದಾದರೆ ಎರಡೂವರೆ ಕೋಟಿಗೂ ಮಿಗಿಲು. ಮಕ್ಕಳೇ ಗುಣಿಸಿ ನೋಡಬಹುದು.

ಯಾರು ಯಾರನ್ನು ತಿನ್ನುತ್ತಾರೆ?

ಬಿಸಿಲು, ನೀರು, ಕರಗಿದ ಲವಣ ಇವು ನಿರ್ಜೀವ ಅಂಶಗಳು. ಬಿಸಿಲು ಹೀರಿ ಆಹಾರ ತಯಾರಿಸುವ ಪಾಚಿಯೇ ಇಲ್ಲಿನ ಉತ್ಪಾದಕ. ಅದನ್ನು ಸೂಕ್ಷ್ಮಜೀವಿಗಳು, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ಮಿಂಚುಳ್ಳಿ ತಿನ್ನುತ್ತವೆ. ಸತ್ತದ್ದನ್ನೆಲ್ಲ ಬ್ಯಾಕ್ಟೀರಿಯಾ ಕೊಳೆಯಿಸಿ ಮತ್ತೆ ನೀರಿಗೇ ಒಪ್ಪಿಸುತ್ತವೆ. ಈ ಜೀವ ನಿರ್ಜೀವಗಳ ಕೂಡುಕುಟುಂಬಕ್ಕೆ ಇಂಗ್ಲೆಂಡಿನ ಟ್ಯಾನ್ಸ್‌ಲಿ 1935ರಲ್ಲಿ 'ಇಕೋಸಿಸ್ಟಮ್' ಎಂಬ ಹೆಸರನ್ನು ಬಳಕೆಗೆ ತಂದರು. ಅಮೆರಿಕದ ಲಿಂಡೆಮನ್ ಪುಟ್ಟ ಕೆರೆಯೊಂದನ್ನು ಅಭ್ಯಸಿಸಿ, ಈ ಮೆಟ್ಟಿಲುಗಳಲ್ಲಿ ಶಕ್ತಿ ಹೇಗೆ ಸೋರಿಹೋಗುತ್ತದೆಂದು 1942ರಲ್ಲಿ ವಿವರಿಸಿದರು. ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಿನ ಮೆಟ್ಟಿಲಿಗೆ ದಾಟುತ್ತದೆ. ಪಾಚಿಯಲ್ಲಿದ್ದ ಸಾವಿರ ಪಾಲು ಶಕ್ತಿ ಮಿಂಚುಳ್ಳಿಗೆ ತಲುಪುವಾಗ ಒಂದೇ ಪಾಲು! ಕೆರೆಯಲ್ಲಿ ಪಾಚಿ ಅಪಾರವಿದ್ದರೂ ಮಿಂಚುಳ್ಳಿಗಳು ಕೆಲವೇ ಇರುವುದು ಇದಕ್ಕೇ.

ಉಂಡು ಸಾಯುವ ಕೆರೆ

ಹೊಲ ತೋಟಗಳಿಗೆ ಹಾಕಿದ ಗೊಬ್ಬರವೆಲ್ಲ ಬೆಳೆಗೇ ಸೇರುವುದಿಲ್ಲ. ಉಳಿದ ಸಾರಜನಕ, ರಂಜಕ ಮಳೆನೀರಿನೊಡನೆ ಯಾವುದೇ ಕೆರೆಗೆ ಇಳಿದರೂ ಪಾಚಿಗೆ ಹಬ್ಬದೂಟ. ಪಾಚಿ ಹೆಚ್ಚಿ, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ನುಂಗುತ್ತದೆ. ಮೀನು ಉಸಿರುಗಟ್ಟುತ್ತದೆ. ಪುಸ್ತಕದಲ್ಲಿ ಇದರ ಹೆಸರು ಯುಟ್ರೊಫಿಕೇಷನ್. ಹಳ್ಳಿಯ ಮಾತಿನಲ್ಲಿ, ಅತಿಯಾಗಿ ಉಂಡು ಸಾಯುವುದು.

ಸೂಳೆಕೆರೆಯ ಮಟ್ಟಿಗೆ ಇದು ಬರೀ ಪಾಠವಲ್ಲ. ಚನ್ನಗಿರಿ, ಚಿತ್ರದುರ್ಗದಂಥ ಊರುಗಳ ಕುಡಿಯುವ ನೀರಿಗೆ ಈ ಕೆರೆ ಆಸರೆ. ಹೂಳು ತೆಗೆಯಿರಿ, ಕೆರೆಯಂಗಳ ಅಳೆದು ಗಡಿ ಕಲ್ಲು ನೆಡಿ, ಒತ್ತುವರಿ ಬಿಡಿಸಿ ಎಂಬ ಸ್ಥಳೀಯರ ಒತ್ತಾಯ ಹಲವು ವರ್ಷಗಳದ್ದು. ಆದರೆ ಅಂಚಿನಲ್ಲಿ ಉಳುಮೆ ಮಾಡುವವನಿಗೂ ಹೊಟ್ಟೆಯಿದೆ, ಕೆಳಗಿನ ಗದ್ದೆಯವನಿಗೂ ನೀರು ಬೇಕು. ಇಬ್ಬರ ನಡುವೆ ನ್ಯಾಯ ಹೇಳುವುದು ಯಾವ ಪಠ್ಯಪುಸ್ತಕಕ್ಕೂ ಸುಲಭವಲ್ಲ.

ಮುಂದಿನ ರಜೆಯಲ್ಲಿ ತಂದೆತಾಯಿ ಮಕ್ಕಳನ್ನು ಈ ಏರಿಯ ಮೇಲೆ ನಿಲ್ಲಿಸಬಹುದು. ದೂರದವರಾದರೆ ತಮ್ಮೂರಿನ ಕೆರೆಯೇ ಸಾಕು. ನೀರು ಎಲ್ಲಿಂದ ಬರುತ್ತದೆ, ಯಾವ ಬಣ್ಣದಲ್ಲಿದೆ, ದಡದಲ್ಲಿ ಏನು ಬೆಳೆದಿದೆ, ಎಷ್ಟು ಬಗೆಯ ಹಕ್ಕಿಗಳಿವೆ: ಈ ನಾಲ್ಕನ್ನು ಮಕ್ಕಳೇ ನೋಡಿ ಬರೆದುಕೊಳ್ಳಲಿ. ಮತ್ತೊಮ್ಮೆ ಮಳೆ ಮುಗಿದ ಮೇಲೆ ಹೋಗಿ ಹೋಲಿಸಲಿ. ಎರಡು ಅಂಕದ ಪ್ರಶ್ನೆಗೆ ಉತ್ತರ ಆಗ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.