ಕೋರ್ಸಿನ ಹೆಸರು, ಪ್ರಮಾಣಪತ್ರದ ಬೆಲೆ: ಆನರ್ಸ್‌ನಿಂದ ಅರೆಕಾನೂನು ಸೇವೆಯವರೆಗೆ

ಬೆಂಗಳೂರಿನ ಹೊರವಲಯದ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್ ಪ್ರದೇಶಗಳು ಯಂತ್ರ ಹಾಗೂ ಕಂಪ್ಯೂಟರುಗಳನ್ನು ನಂಬಿ ಬೆಳೆದವು. ಪೀಣ್ಯ 1970ರ ದಶಕದಲ್ಲಿ ಸಣ್ಣ ಕೈಗಾರಿಕೆಗಳ ನೆಲೆಯಾಗಿ ರೂಪುಗೊಂಡಿತು. ಅದೇ ದಶಕದ ಕೊನೆಗೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 1990ರ ದಶಕದ ಕೊನೆಯಲ್ಲಿ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕ್ ಆರಂಭವಾದ ಮೇಲೆ ವೈಟ್‌ಫೀಲ್ಡ್ ಸಾಫ್ಟ್‌ವೇರ್ ಪ್ರದೇಶವೆನಿಸಿತು. ಹೀಗಾಗಿ ಐಟಿಐ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದಿದರೆ ಮಾತ್ರ ಇಲ್ಲಿ ಕೆಲಸ ಎಂಬ ಭಾವನೆ ಈ ಭಾಗದ ಕುಟುಂಬಗಳಲ್ಲಿ ಸಹಜವಾಗಿಯೇ ಬೇರೂರಿದೆ. ಆದರೆ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದವರಿಗೂ ಈ ಪ್ರದೇಶಗಳಲ್ಲಿ ಅವಕಾಶಗಳಿವೆ. ಅವುಗಳಲ್ಲಿ ಆನರ್ಸ್ ಪದವಿ, ಹೋಟೆಲ್ ನಿರ್ವಹಣೆ, ಪತ್ರಿಕೋದ್ಯಮ ಮತ್ತು ಅರೆಕಾನೂನು ತರಬೇತಿ ಎಂಬ ನಾಲ್ಕು ದಾರಿಗಳನ್ನು ಇಲ್ಲಿ ಪರಿಶೀಲಿಸಬಹುದು. ಕಾಲೇಜುಗಳ ಜಾಹೀರಾತಿನಲ್ಲಿ ಒಂದೇ ಸಾಲಿನಲ್ಲಿ ಕಾಣಿಸಿದರೂ ಇವು ಒಂದೇ ಬಗೆಯ ಅರ್ಹತೆಗಳಲ್ಲ.

ಆನರ್ಸ್ ಎಂಬುದು ಬೇರೊಂದು ವಿಷಯದ ಹೆಸರಲ್ಲ, ಆಯ್ದ ವಿಷಯವನ್ನೇ ಹೆಚ್ಚು ಆಳವಾಗಿ ಓದುವ ಪದ್ಧತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್ ಬೇಕು. ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಅದನ್ನು ಒಂದು ಕ್ರೆಡಿಟ್ ಎಂದು ಎಣಿಸಲಾಗುತ್ತದೆ. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಥವಾ ಹೆಚ್ಚು ಅಂಕ ಗಳಿಸಿದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನಾ ಯೋಜನೆಯನ್ನು ಕೈಗೊಂಡು ‘ಸಂಶೋಧನೆಯೊಂದಿಗೆ ಆನರ್ಸ್’ ಪದವಿ ಪಡೆಯಬಹುದು. ನಾಲ್ಕು ವರ್ಷದ ಪದವಿಯನ್ನು ಒಳಗೊಂಡ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಮೊದಲಿಗೆ ಜಾರಿಗೊಳಿಸಿದ ರಾಜ್ಯ ಕರ್ನಾಟಕವಾಗಿತ್ತು, ಆದರೆ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ಶಿಫಾರಸಿನ ಮೇರೆಗೆ ಸರ್ಕಾರ 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿ, 2024-25ರಿಂದ ಮೂರು ವರ್ಷದ ಪದವಿಗೇ ಮರಳಿತು; ಅದಕ್ಕೆ ಮೊದಲು ಸೇರಿದ್ದವರಿಗೆ ನಾಲ್ಕನೆಯ ವರ್ಷವನ್ನು ಮುಂದುವರಿಸುವ ಆಯ್ಕೆಯನ್ನು ಉಳಿಸಲಾಯಿತು. ಈ ಆದೇಶ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಸಂಬಂಧಿಸಿದ್ದಾದ್ದರಿಂದ, ಯುಜಿಸಿ ಚೌಕಟ್ಟನ್ನು ಅನುಸರಿಸುವ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಮುಂದುವರಿದಿದೆ. ಪರಿಣಾಮವಾಗಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರುವವರಿಗೂ ದುಬಾರಿ ಶುಲ್ಕದ ಸಂಸ್ಥೆಗೆ ಸೇರುವವರಿಗೂ ಪದವಿಯ ಅವಧಿಯೇ ಬೇರೆಯಾಗಿದೆ. ಸ್ನಾತಕೋತ್ತರ ಓದು ಅಥವಾ ಸಂಶೋಧನೆಯ ಗುರಿ ಇರುವವರಿಗೆ ನಾಲ್ಕನೆಯ ವರ್ಷ ನಿಜವಾದ ಲಾಭ ತರುತ್ತದೆ. ಬೇಗ ಸಂಬಳದ ಕೆಲಸ ಹಿಡಿಯಬೇಕಾದ ಮನೆಯ ಮಕ್ಕಳಿಗೆ ಅದು ಒಂದು ವರ್ಷದ ಹೆಚ್ಚುವರಿ ಖರ್ಚು.

ಹೋಟೆಲ್ ನಿರ್ವಹಣೆಯ ಕೋರ್ಸಿನಲ್ಲಿ ಪುಸ್ತಕದಷ್ಟೇ ಕೈಕೆಲಸಕ್ಕೂ ಸ್ಥಾನವಿದೆ. ಅಡುಗೆ ತಯಾರಿಕೆ, ಊಟ-ಪಾನೀಯ ಬಡಿಸುವಿಕೆ, ಅತಿಥಿಗಳನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್ ಮತ್ತು ಕೊಠಡಿಗಳನ್ನು ನೋಡಿಕೊಳ್ಳುವ ಹೌಸ್‌ಕೀಪಿಂಗ್ ಎಂಬ ನಾಲ್ಕು ವಿಭಾಗಗಳು ಇದರ ತಿರುಳಾಗಿದ್ದು, ವಿದ್ಯಾರ್ಥಿಗಳು ನಿಜವಾದ ಹೋಟೆಲೊಂದರಲ್ಲಿ ಹಲವು ವಾರಗಳ ತರಬೇತಿ ಪಡೆಯುವುದು ಕಡ್ಡಾಯವಾಗಿರುತ್ತದೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವ್ಯಾಪ್ತಿಯ ರಾಷ್ಟ್ರೀಯ ಮಂಡಳಿಗೆ ಸೇರಿದ್ದು, ಅಲ್ಲಿನ ಬಿ.ಎಸ್‌ಸಿ. ಪದವಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾಲಯಗಳಿಗೆ ಸಂಯೋಜಿತವಾದ ಖಾಸಗಿ ಕಾಲೇಜುಗಳಲ್ಲಿ ಬಿಎಚ್‌ಎಂ, ಅಂದರೆ ಹೋಟೆಲ್ ನಿರ್ವಹಣೆಯ ಪದವಿ, ಲಭ್ಯವಿದೆ. ಹೊರವಲಯಕ್ಕೂ ಈ ಕೋರ್ಸಿಗೂ ಇರುವ ನಂಟು ದೊಡ್ಡ ಹೋಟೆಲುಗಳಿಗೆ ಮಾತ್ರ ಸೀಮಿತವಲ್ಲ. ಸಾಫ್ಟ್‌ವೇರ್ ಕಂಪನಿಗಳ ಕ್ಯಾಂಟೀನು, ಅತಿಥಿಗೃಹ, ಸ್ವಚ್ಛತೆ ಮತ್ತು ಕಟ್ಟಡ ನಿರ್ವಹಣೆಗಳನ್ನು ಗುತ್ತಿಗೆ ಸಂಸ್ಥೆಗಳು ನಡೆಸುತ್ತವೆ, ಆ ಸಂಸ್ಥೆಗಳಿಗೆ ಮೇಲ್ವಿಚಾರಕರು ಬೇಕಾಗುತ್ತಾರೆ. ಹೌಸ್‌ಕೀಪಿಂಗ್ ಕೆಲಸದಿಂದಲೇ ಬದುಕುವ ಕುಟುಂಬದ ಮಗಳು ಅದೇ ವಿಭಾಗದ ಲೆಕ್ಕ, ದಾಸ್ತಾನು ಮತ್ತು ಸಿಬ್ಬಂದಿಯ ಪಾಳಿಗಳನ್ನು ನಿರ್ವಹಿಸುವ ಹುದ್ದೆಗೆ ಏರುವುದು ಈ ಓದಿನಿಂದ ಸಾಧ್ಯ. ಆದರೆ ದೀರ್ಘ ಹೊತ್ತಿನ ದುಡಿಮೆ, ರಾತ್ರಿ ಪಾಳಿ ಮತ್ತು ಆರಂಭದ ಕಡಿಮೆ ಸಂಬಳ ಈ ವೃತ್ತಿಯ ಭಾಗವೇ ಆಗಿರುವುದನ್ನು ಸೇರುವ ಮೊದಲೇ ತಿಳಿದಿರಬೇಕು.

ಪತ್ರಿಕೋದ್ಯಮದ ಸ್ಥಿತಿ ಬೇರೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಹೊರತಂದ ನಂತರ ಒಂದು ಶತಮಾನಕ್ಕೂ ಹೆಚ್ಚು ಕಾಲ ಕನ್ನಡ ಪತ್ರಕರ್ತರು ಕಚೇರಿಯಲ್ಲೇ ಕೆಲಸ ಕಲಿತರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 1951ರಲ್ಲಿ ಪತ್ರಿಕೋದ್ಯಮದ ಬೋಧನೆ ಆರಂಭವಾದ ಮೇಲೆ ಅದು ವಿಶ್ವವಿದ್ಯಾಲಯದ ವಿಷಯವಾಯಿತು. ಇಂದು ಬಿ.ಎ. ಪದವಿಯಲ್ಲಿ ಇದು ಇತರ ವಿಷಯಗಳ ಜೊತೆಗೊಂದು ಐಚ್ಛಿಕ ವಿಷಯವಾಗಿ ಸಿಗುತ್ತದೆ. ವಕೀಲರಿಗಿರುವಂತೆ ಪತ್ರಕರ್ತರಿಗೆ ಸನ್ನದು ಇಲ್ಲದ ಕಾರಣ ಇಲ್ಲಿ ಪ್ರಮಾಣಪತ್ರಕ್ಕಿಂತ ಭಾಷೆಯ ಹಿಡಿತ, ಮಾಹಿತಿಯನ್ನು ಪರಿಶೀಲಿಸುವ ಶಿಸ್ತು ಮತ್ತು ಪ್ರಕಟವಾದ ಬರಹಗಳಿಗೇ ಹೆಚ್ಚಿನ ಮನ್ನಣೆ. ವರ್ತೂರು ಮತ್ತು ಬೆಳ್ಳಂದೂರು ಕೆರೆಗಳ ನೊರೆ, ಪೀಣ್ಯದ ಅಂತರ್ಜಲದಲ್ಲಿ ಸೇರಿದ ಕ್ರೋಮಿಯಂ, ಗುತ್ತಿಗೆ ಕಾರ್ಮಿಕರ ಸಂಬಳ ಮುಂತಾದ ಸಂಗತಿಗಳು ಈ ಭಾಗದ ವಿದ್ಯಾರ್ಥಿಗೆ ಮನೆಯ ಬಳಿಯೇ ಸಿಗುವ ಪಾಠಗಳು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆದು ಕಡತ ಪಡೆಯುವುದನ್ನು ಕಲಿಸದ ಕಾಲೇಜು ಕ್ಯಾಮೆರಾ ಮತ್ತು ಸ್ಟುಡಿಯೊಗಳನ್ನು ತೋರಿಸಿದರೂ ಪೂರ್ಣ ತರಬೇತಿ ಕೊಟ್ಟಂತಾಗುವುದಿಲ್ಲ.

ಹೆಚ್ಚು ಗೊಂದಲವಿರುವುದು ನಾಲ್ಕನೆಯ ದಾರಿಯಾದ ಅರೆಕಾನೂನು, ಅಂದರೆ ಪ್ಯಾರಾಲೀಗಲ್, ತರಬೇತಿಯಲ್ಲಿ. ಅಮೆರಿಕದಲ್ಲಿ ಪ್ಯಾರಾಲೀಗಲ್ ಎಂದರೆ ವಕೀಲರ ಮೇಲ್ವಿಚಾರಣೆಯಲ್ಲಿ ದಾಖಲೆ ಸಿದ್ಧಪಡಿಸುವ ಸಂಬಳದ ಹುದ್ದೆ. ಅದಕ್ಕೆಂದೇ ಕಾಲೇಜು ಕೋರ್ಸುಗಳಿವೆ. ಭಾರತದಲ್ಲಿ ಅಂಥ ಪ್ರತ್ಯೇಕ ವೃತ್ತಿಗೆ ಕಾನೂನಿನ ಮಾನ್ಯತೆ ಇಲ್ಲ. 1961ರ ವಕೀಲರ ಕಾಯ್ದೆಯಂತೆ ವಕೀಲಿ ವೃತ್ತಿ ನಡೆಸುವ ಹಕ್ಕು ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾದವರಿಗೆ ಮಾತ್ರ ಇದ್ದು, ಅದಕ್ಕೆ ಪಿಯುಸಿ ನಂತರ ಐದು ವರ್ಷದ ಅಥವಾ ಪದವಿಯ ನಂತರ ಮೂರು ವರ್ಷದ ಕಾನೂನು ಓದು ಬೇಕು. ಇಲ್ಲಿ ಬಳಕೆಯಲ್ಲಿರುವುದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ರೂಪಿಸಿದ ಅರೆಕಾನೂನು ಸ್ವಯಂಸೇವಕರ ಯೋಜನೆ. ಪ್ರಾಧಿಕಾರದಿಂದ ತರಬೇತಿ ಪಡೆದ ಇವರು ಜನರಿಗೆ ಹಕ್ಕುಗಳನ್ನು ತಿಳಿಸಿ, ಅರ್ಜಿ ಬರೆಯಲು ನೆರವಾಗಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ದಾರಿ ತೋರಿಸುತ್ತಾರೆ. ಅವರಿಗೆ ಸಿಗುವುದು ಗೌರವಧನವೇ ಹೊರತು ಸಂಬಳವಲ್ಲ. ಕೈಗಾರಿಕಾ ಪ್ರದೇಶಗಳಲ್ಲಿ ಈ ಸೇವೆಗೆ ವಿಶೇಷ ಮಹತ್ವವಿದೆ, ಏಕೆಂದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಸೆಕ್ಷನ್ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರನ್ನೂ ಉಚಿತ ಕಾನೂನು ನೆರವಿಗೆ ಅರ್ಹರೆಂದು ಹೆಸರಿಸಿದೆ. ಪೀಣ್ಯದ ಎಷ್ಟೋ ಕಾರ್ಮಿಕರಿಗೆ ಈ ಹಕ್ಕಾಗಲಿ, 15100 ಎಂಬ ಸಹಾಯವಾಣಿ ಸಂಖ್ಯೆಯಾಗಲಿ ತಿಳಿದಿಲ್ಲ. ಕಾನೂನು ಸಂಸ್ಥೆಗಳಲ್ಲಿ ಮತ್ತು ಕಂಪನಿಗಳ ಕಾನೂನು ವಿಭಾಗಗಳಲ್ಲಿ ಕರಾರುಗಳನ್ನು ಪರಿಶೀಲಿಸುವ ಸಹಾಯಕ ಹುದ್ದೆಗಳಿವೆ. ಕಾನೂನಿನ ಡಿಪ್ಲೊಮಾಗಳು ಅದಕ್ಕೆ ಬೇಕಾದ ತಿಳಿವಳಿಕೆ ಕೊಡುತ್ತವೆ, ವಾದಿಸುವ ಹಕ್ಕನ್ನು ಕೊಡುವುದಿಲ್ಲ.

ಆದ್ದರಿಂದ ಪ್ರವೇಶ ಶುಲ್ಕ ಕಟ್ಟುವ ಮೊದಲು ವಿದ್ಯಾರ್ಥಿ ಮತ್ತು ಪೋಷಕರು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಬೇಕು: ಪದವಿಯನ್ನು ಕೊಡುವ ವಿಶ್ವವಿದ್ಯಾಲಯ ಯಾವುದು ಮತ್ತು ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ, ಕೋರ್ಸಿನೊಳಗೆ ಕಾರ್ಯಸ್ಥಳದ ತರಬೇತಿ ಎಷ್ಟು ವಾರ, ಆ ಪ್ರಮಾಣಪತ್ರ ಯಾವ ಹುದ್ದೆಗೆ ಅಥವಾ ಯಾವ ಮುಂದಿನ ಓದಿಗೆ ಅರ್ಹತೆಯಾಗುತ್ತದೆ. ಈ ಮೂರಕ್ಕೂ ನೇರ ಉತ್ತರ ಕೊಡದ ಕೋರ್ಸು, ಅದರ ಹೆಸರು ಎಷ್ಟೇ ಆಕರ್ಷಕವಾಗಿರಲಿ, ಸಾಲ ಮಾಡಿ ಸೇರುವಂಥದ್ದಲ್ಲ.